ಮುಪ್ಪು, ಚಿಕಿತ್ಸೆ ಮತ್ತು ಸಲ್ಲೇಖನ

ಸಲ್ಲೇಖನವನ್ನು ಕುರಿತ ಇತ್ತೀಚಿನ ಚರ್ಚೆಗಳು ಬಹುಮಟ್ಟಿಗೆ ಮರಣವನ್ನೇ ಕೇಂದ್ರವಾಗಿ ಇರಿಸಿಕೊಂಡಿವೆ. 2015ರ ಆಗಸ್ಟ್ ತಿಂಗಳಲ್ಲಿ ರಾಜಸ್ಥಾನದ ಉಚ್ಚ ನ್ಯಾಯಾಲಯವು ಈ ವ್ರತವನ್ನು ಆತ್ಮಹತ್ಯೆಗೆ ಸಮವೆಂದು ಪರಿಗಣಿಸಿತು. ಅದೇ ತಿಂಗಳ ಕೊನೆಗೆ ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆ ನೀಡಿತು. ಆದರೆ ಶ್ರಾವಕಾಚಾರ ಗ್ರಂಥಗಳನ್ನು ಸಾವಧಾನವಾಗಿ ಓದಿದರೆ, ಮುಪ್ಪಿನ ದೇಹವನ್ನು ಹೇಗೆ ನಡೆಸಿಕೊಳ್ಳಬೇಕೆಂಬ ವಿವೇಚನೆಯೇ ಅಲ್ಲಿ ಮುಖ್ಯವೆಂದು ತೋರುತ್ತದೆ.

ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಸಲ್ಲೇಖನಕ್ಕೆ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ ಎಂಬ ನಾಲ್ಕು ಸಂದರ್ಭಗಳನ್ನು ಹೇಳುತ್ತಾರೆ. ಇವು ‘ನಿಷ್ಪ್ರತೀಕಾರ’ವಾಗಿರಬೇಕು, ಅಂದರೆ ಪರಿಹಾರವಿಲ್ಲದವಾಗಿರಬೇಕು ಎಂಬುದು ಅವರು ವಿಧಿಸುವ ನಿಬಂಧನೆ. ಇದರ ತಾತ್ಪರ್ಯ ಸ್ಪಷ್ಟ: ಮದ್ದು ಇರುವವರೆಗೆ ವ್ರತಕ್ಕೆ ಅವಕಾಶವಿಲ್ಲ.

ಆಚಾರ್ಯರ ಜೀವನದ ಐತಿಹ್ಯವೂ ಇದನ್ನೇ ಸಮರ್ಥಿಸುತ್ತದೆ. ಭಸ್ಮಕ ವ್ಯಾಧಿಯಿಂದ ಬಳಲಿದ ಅವರು ಸಲ್ಲೇಖನಕ್ಕೆ ಅನುಮತಿ ಬೇಡಿದಾಗ ಗುರುಗಳು ನಿರಾಕರಿಸಿ, ರೋಗ ಶಮನವಾಗುವವರೆಗೆ ಬದುಕುವಂತೆ ಆದೇಶಿಸಿದರಂತೆ. ಇದು ಕಥೆಯೇ ಇರಬಹುದು. ಆದರೂ ಶ್ರವಣಬೆಳಗೊಳದ 1129ರ ಮಲ್ಲಿಷೇಣ ಪ್ರಶಸ್ತಿಯು ಅವರನ್ನು ಭಸ್ಮಕವನ್ನು ಗೆದ್ದವರೆಂದು ಸ್ತುತಿಸುವುದರಿಂದ, ಆ ನೆನಪು ಹನ್ನೆರಡನೆಯ ಶತಮಾನಕ್ಕಾಗಲೇ ನೆಲೆಗೊಂಡಿತ್ತೆನ್ನಬಹುದು.

ಜೈನರು ವೈದ್ಯವನ್ನು ಉಪೇಕ್ಷಿಸಲಿಲ್ಲ ಎಂಬುದಕ್ಕೆ ಉಗ್ರಾದಿತ್ಯಾಚಾರ್ಯರ ಸಂಸ್ಕೃತ ಗ್ರಂಥ ‘ಕಲ್ಯಾಣಕಾರಕ’ವೇ ಸಾಕ್ಷಿ. ರಾಷ್ಟ್ರಕೂಟ ನೃಪತುಂಗನ ಸಭೆಯೊಡನೆ ಸಂಬಂಧವಿದ್ದ ಈ ಮುನಿಗಳು ಮಾಂಸವನ್ನು ಔಷಧವಾಗಿ ಬಳಸುವುದನ್ನು ಖಂಡಿಸಿದರು. ಅವರು ಬಿಟ್ಟದ್ದು ಹಿಂಸೆಯನ್ನು, ಚಿಕಿತ್ಸೆಯನ್ನಲ್ಲ.

ಪ್ರತೀಕಾರ ಸಾಧ್ಯವಿಲ್ಲದಾಗ ಮಾತ್ರ ವ್ರತದ ಆರಂಭ. ಅಲ್ಲಿಯೂ ಆತುರಕ್ಕೆ ಎಡೆಯಿಲ್ಲ. ಮೊದಲು ಸ್ವಜನ ಪರಿಜನರಲ್ಲಿ ಕ್ಷಮೆ ಬೇಡಿ, ತಾನೂ ಕ್ಷಮಿಸಬೇಕು. ಬಳಿಕ ಘನಾಹಾರವನ್ನು ಕ್ರಮವಾಗಿ ಬಿಟ್ಟು ಸ್ನಿಗ್ಧ ಪಾನೀಯಗಳನ್ನೂ, ಅವನ್ನು ಬಿಟ್ಟು ಲಘು ಪಾನೀಯಗಳನ್ನೂ ತೆಗೆದುಕೊಳ್ಳಬೇಕು. ಕೊನೆಗೆ ಶಕ್ತ್ಯನುಸಾರ ಉಪವಾಸ. ಬದುಕಿನ ಆಸೆಯಂತೆಯೇ ಮರಣದ ಆಸೆಯೂ ಇಲ್ಲಿ ಅತಿಚಾರವೆನಿಸಿದೆ. ಸಾವನ್ನು ಬಯಸುವುದೇ ದೋಷವೆನ್ನುವ ವ್ರತವನ್ನು ಆತ್ಮಹತ್ಯೆಯೊಡನೆ ಸಮೀಕರಿಸುವವರು ಈ ಅಂಶವನ್ನು ಎದುರಿಸಲೇಬೇಕಾಗುತ್ತದೆ.

ಆದರೆ ಇತಿಹಾಸವು ಶಾಸ್ತ್ರದಷ್ಟು ಸರಳವಲ್ಲ. ರಾಜ್ಯವನ್ನು ತ್ಯಜಿಸಿ ಬಂಕಾಪುರದಲ್ಲಿ ಅಜಿತಸೇನ ಮುನಿಗಳ ಸನ್ನಿಧಿಯಲ್ಲಿ ದೇಹವಿಟ್ಟ ಗಂಗ ಮಾರಸಿಂಹ, 982ರಲ್ಲಿ ಶ್ರವಣಬೆಳಗೊಳದಲ್ಲಿ ವ್ರತ ಕೈಗೊಂಡ ರಾಷ್ಟ್ರಕೂಟ ನಾಲ್ಕನೆಯ ಇಂದ್ರ ಇವರ ಅಂತ್ಯವನ್ನು ಮುಪ್ಪು ರೋಗಗಳಿಂದಷ್ಟೇ ವಿವರಿಸಲಾಗದು. ಅಳಿದ ರಾಜ್ಯದ ನೆರಳೂ ಅಲ್ಲಿದೆ. ನಿಸಿಧಿ ಶಾಸನಗಳನ್ನು ಅಧ್ಯಯನ ಮಾಡುವವರು ಈ ಭೇದವನ್ನು ಗಮನಿಸಬೇಕು.

ಶಾಸ್ತ್ರದ ಆಶಯಕ್ಕೆ ಹೆಚ್ಚು ಹತ್ತಿರವಾದ ನಿದರ್ಶನ ನಮ್ಮ ಕಾಲದ್ದೇ. ಬೆಳಗಾವಿ ಸೀಮೆಯ ಭೋಜ ಗ್ರಾಮದ ಶಾಂತಿಸಾಗರ ಮಹಾರಾಜರು ತಮ್ಮ ಎಂಬತ್ತು ದಾಟಿದ ವಯಸ್ಸಿನಲ್ಲಿ ದೃಷ್ಟಿ ಕುಂದಿದಾಗ, 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನ ಕೈಗೊಂಡು ಸೆಪ್ಟೆಂಬರ್ 18ರಂದು ಸಮಾಧಿ ಹೊಂದಿದರು. ಕಣ್ಣು ಕಾಣದೆ ನಡೆದರೆ ಕಾಲ ಕೆಳಗಿನ ಜೀವಿಗಳಿಗೆ ಹಿಂಸೆಯಾಗುತ್ತದೆ; ಈರ್ಯಾಸಮಿತಿ ಭಂಗವಾಗುತ್ತದೆ. ದೇಹ ಧರ್ಮಕ್ಕೆ ಸಾಧನವಾಗಿರುವಷ್ಟು ಕಾಲ ಅದನ್ನು ಕಾಪಾಡಬೇಕು, ಸಾಧನವಾಗದಾದಾಗ ದ್ವೇಷವಿಲ್ಲದೆ ಬೀಳ್ಕೊಡಬೇಕು. ಇವೆರಡೂ ಒಂದೇ ವಿವೇಕದ ಎರಡು ಮುಖಗಳು.