ಇಬ್ಬರು ವಿದ್ಯಾರ್ಥಿಗಳು ಆರಂಭಿಸಿದ ಸಂಗೀತೋತ್ಸವ



ನಮ್ಮ ಕಾಸರಗೋಡಿನ ಕಡೆ ಯುವಕ ಮಂಡಲಗಳಿಗೆ ಕೊರತೆಯಿಲ್ಲ. ನಾಲ್ಕು ಮಂದಿ ಹುಡುಗರು ಸೇರುತ್ತಾರೆ, ರಶೀದಿ ಪುಸ್ತಕ ಹಿಡಿದು ಮನೆಮನೆ ತಿರುಗುತ್ತಾರೆ, ಶಾಲೆಯ ಮೈದಾನದಲ್ಲಿ ವೇದಿಕೆ ಕಟ್ಟಿ ಗಾಯನ, ಯಕ್ಷಗಾನ ನಡೆಸುತ್ತಾರೆ. ಎರಡು ಮೂರು ವರ್ಷ ಕಳೆಯುವಾಗ ಲೆಕ್ಕದ ಬಗ್ಗೆ ಮಾತು ಏಳುತ್ತದೆ. ಮುಂದೆ ನಿಂತವರು ಮಂಗಳೂರಿಗೋ ಗಲ್ಫಿಗೋ ಕೆಲಸಕ್ಕೆ ಹೋಗುತ್ತಾರೆ. ಅಲ್ಲಿಗೆ ಕಾರ್ಯಕ್ರಮವೂ ನಿಲ್ಲುತ್ತದೆ. ನಾವು ಅಧ್ಯಾಪಕರು ಇದನ್ನು ಎಷ್ಟೋ ಸಲ ಕಂಡಿದ್ದೇವೆ. ಹುಡುಗರು ಆರಂಭಿಸಿದ್ದು ಬಾಳುವುದೇ ಇಲ್ಲವೇ ಎಂದು ಕೇಳುವವರಿಗಾಗಿ, ಐವತ್ತು ವರ್ಷ ದಾಟಿ ಬಾಳಿದ ಒಂದು ಉತ್ಸವದ ಚರಿತ್ರೆಯನ್ನು ಇಲ್ಲಿ ಹೇಳುತ್ತೇವೆ.

ಡೆನ್ಮಾರ್ಕ್ ದೇಶದ ರಾಜಧಾನಿ ಕೋಪನ್‌ಹೇಗನ್‌ನಿಂದ ಪಶ್ಚಿಮಕ್ಕೆ ಮೂವತ್ತು ಕಿಲೋಮೀಟರಿಗೆ ತುಸು ಹೆಚ್ಚು ದೂರದಲ್ಲಿ ರೋಸ್ಕಿಲ್ಡೆ ಎಂಬ ಹಳೆಯ ಊರಿದೆ. ಡೆನ್ಮಾರ್ಕಿನ ಅರಸರ ಸಮಾಧಿಗಳಿರುವ ಅಲ್ಲಿನ ಇಗರ್ಜಿಯನ್ನು 1995ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಜನಸಂಖ್ಯೆ ಸುಮಾರು 50,000.

ಈ ಊರಿನಲ್ಲಿ 1971ರಲ್ಲಿ ಮೊಗೆನ್ಸ್ ಸ್ಯಾಂಡ್‌ಫೆರ್ ಮತ್ತು ಯೆಸ್ಪರ್ ಸ್ವಿಟ್ಸರ್ ಮೊಲ್ಲರ್ ಎಂಬ ಇಬ್ಬರು ಹೈಸ್ಕೂಲ್ ವಿದ್ಯಾರ್ಥಿಗಳಿಗೆ ಬಯಲಿನಲ್ಲಿ ಸಂಗೀತೋತ್ಸವ ನಡೆಸಬೇಕೆಂಬ ಆಸೆ ಹುಟ್ಟಿತು. ಕಾರ್ಯಕ್ರಮ ಸಂಘಟಿಸಿ ಅನುಭವವಿದ್ದ ಕಾರ್ಲ್ ಫಿಷರ್ ಜತೆಗೂಡಿದರು. ಆ ವರ್ಷ ಆಗಸ್ಟ್ 28 ಮತ್ತು 29ರಂದು 'ಸೌಂಡ್ ಫೆಸ್ಟಿವಲ್' ಎಂಬ ಹೆಸರಿನಲ್ಲಿ ಉತ್ಸವ ನಡೆಯಿತು. ಒಂದೇ ವೇದಿಕೆ. ಬಂದವರು ಸುಮಾರು ಹತ್ತು ಸಾವಿರ ಮಂದಿ.

ಮುಂದಿನ ವರ್ಷ ನಡೆದದ್ದೇ ಈ ಚರಿತ್ರೆಯ ಮುಖ್ಯ ಸಂಗತಿ. 1972ರಲ್ಲಿ ಉತ್ಸವದ ಹೊಣೆಯನ್ನು ರೋಸ್ಕಿಲ್ಡೆ ಫೌಂಡೇಶನ್ ಎಂಬ ಊರಿನ ಸಂಸ್ಥೆ ವಹಿಸಿಕೊಂಡಿತು. ಅಂದಿನಿಂದ ಲಾಭ ಯಾರೊಬ್ಬರ ಕಿಸೆಗೂ ಹೋಗುವುದಿಲ್ಲ. ಖರ್ಚು ಕಳೆದು ಉಳಿದದ್ದು ಮಕ್ಕಳು, ಯುವಜನರು, ಸಂಗೀತ, ಸಂಸ್ಕೃತಿ ಮತ್ತು ಮಾನವೀಯ ಕೆಲಸಗಳಿಗೆ ದಾನವಾಗಿ ಹೋಗುತ್ತದೆ. ಆಸೆ ಹುಡುಗರದ್ದು, ಲೆಕ್ಕ ಊರಿನದ್ದು. ಹೀಗಾದ ಕಾರಣ, ಆರಂಭಿಸಿದವರು ಬದಲಾದರೂ ಉತ್ಸವ ನಿಲ್ಲಲಿಲ್ಲ.

1978ರಲ್ಲಿ ಉತ್ಸವದವರು ರೋಲಿಂಗ್ ಸ್ಟೋನ್ಸ್ ತಂಡ ತನ್ನ ಪ್ರವಾಸದಲ್ಲಿ ಬಳಸಿದ್ದ ಕಿತ್ತಳೆ ಬಣ್ಣದ ದೊಡ್ಡ ವೇದಿಕೆ ಚಪ್ಪರವನ್ನು ಕೊಂಡುಕೊಂಡರು. ಹಳೆಯ ಸಾಮಾನೇ ಆದರೂ ಅದೇ ಉತ್ಸವದ ಗುರುತಾಯಿತು. ಆ ವರ್ಷ ಜಮೈಕಾದ ಬಾಬ್ ಮಾರ್ಲೆ ಅಲ್ಲಿ ಹಾಡಿದರು. ಈಗ ಜೂನ್ ಕೊನೆ, ಜುಲೈ ಮೊದಲ ವಾರದ ಹೊತ್ತಿಗೆ ಒಂದು ಲಕ್ಷಕ್ಕೂ ಹೆಚ್ಚು ಮಂದಿ ಅಲ್ಲಿ ಸೇರುತ್ತಾರೆ. ಅವರಲ್ಲಿ ಸುಮಾರು 30,000 ಮಂದಿ ಸಂಬಳವಿಲ್ಲದೆ ದುಡಿಯುವ ಸ್ವಯಂಸೇವಕರು. ಆಟದ ಕ್ಲಬ್ಬುಗಳು, ಸಂಘಗಳು ಅಲ್ಲಿ ತಿಂಡಿಯ ಅಂಗಡಿ ನಡೆಸಿ ತಮ್ಮ ಸಂಘಕ್ಕೆ ಹಣ ಕೂಡಿಸುತ್ತವೆ.

ಇಷ್ಟನ್ನೇ ಹೇಳಿ ಮುಗಿಸಿದರೆ ಚರಿತ್ರೆ ಪೂರ್ತಿಯಾಗುವುದಿಲ್ಲ. 2000ದ ಜೂನ್ 30ರ ರಾತ್ರಿ, ಪರ್ಲ್ ಜಾಮ್ ತಂಡ ಹಾಡುತ್ತಿದ್ದಾಗ ವೇದಿಕೆಯ ಮುಂದೆ ನೂಕುನುಗ್ಗಲಾಯಿತು. ಮುಂದಿದ್ದವರು ಬಿದ್ದರು, ಹಿಂದಿನವರಿಗೆ ಅದು ತಿಳಿಯಲಿಲ್ಲ. ಒಂಬತ್ತು ಮಂದಿ ಯುವಕರು ಸತ್ತರು. ಅತಿ ಕಿರಿಯವನಿಗೆ 17 ವರ್ಷ, ಹಿರಿಯವನಿಗೆ 26. ನಮ್ಮ ಪ್ಲಸ್ ಟು ಮಕ್ಕಳ ಪ್ರಾಯ ನೆನಪಾಗಿ, ಈ ವಾಕ್ಯ ಬರೆಯುವಾಗ ಕೈ ತಡೆಯುತ್ತದೆ. ಬಳಿಕ ವೇದಿಕೆಯ ಮುಂದಿನ ಜಾಗವನ್ನು ಬೇಲಿ ಹಾಕಿ ವಿಭಾಗಿಸಿ, ಮಿತಿಯಷ್ಟೇ ಜನರನ್ನು ಒಳಗೆ ಬಿಡುವ ಕ್ರಮ ಬಂತು. ಸತ್ತವರ ನೆನಪಿಗಾಗಿ ಮೈದಾನದಲ್ಲಿ ಕಲ್ಲನ್ನಿಟ್ಟು ಸುತ್ತಲೂ ಒಂಬತ್ತು ಮರಗಳನ್ನು ನೆಟ್ಟರು. ಉತ್ಸಾಹ ಎಷ್ಟಿದ್ದರೂ ಜನರ ಜೀವದ ಹೊಣೆ ಅದಕ್ಕಿಂತ ದೊಡ್ಡದು ಎಂಬ ಪಾಠಕ್ಕೆ ಅವರು ತೆತ್ತ ಬೆಲೆ ಇದು.

ಕೊರೋನಾದಿಂದ 2020 ಮತ್ತು 2021ರಲ್ಲಿ ಉತ್ಸವ ನಡೆಯಲಿಲ್ಲ. 2022ರಲ್ಲಿ ಐವತ್ತನೆಯ ಉತ್ಸವ ನಡೆಯಿತು.

ಗಡಿನಾಡಿನವರಾದ ನಮ್ಮ ಮನಸ್ಸು ಮುಟ್ಟುವ ಇನ್ನೊಂದು ಸಂಗತಿಯಿದೆ. 2019ರಲ್ಲಿ ಈ ಉತ್ಸವದ ಹೆಸರಿನಲ್ಲೇ ರೋಸ್ಕಿಲ್ಡೆಯಲ್ಲಿ ಒಂದು ಜನಪದ ಪ್ರೌಢಶಾಲೆ ತೆರೆಯಿತು. ಪರೀಕ್ಷೆ, ಅಂಕಗಳ ಹಂಗಿಲ್ಲದೆ ಯುವಜನರು ಜತೆಗಿದ್ದು ಕಲಿಯುವ ಶಾಲೆ ಇದು. ಗ್ರುಂಡ್‌ವಿಗ್ ಅವರ ವಿಚಾರದಿಂದ ಹುಟ್ಟಿದ ಇಂಥ ಶಾಲೆಗಳಲ್ಲಿ ಮೊದಲನೆಯದು 1844ರಲ್ಲಿ ತೆರೆದದ್ದು ರೊಡ್ಡಿಂಗ್‌ನಲ್ಲಿ. ಅದು ಜರ್ಮನ್ ಭಾಷೆಯ ಒತ್ತಡವಿದ್ದ ಗಡಿಪ್ರದೇಶ. ಅಲ್ಲಿನ ರೈತಮಕ್ಕಳಿಗೆ ತಮ್ಮ ಡೇನಿಷ್ ನುಡಿಯಲ್ಲೇ ಕಲಿಸುವುದು ಅದರ ಉದ್ದೇಶವಾಗಿತ್ತು. ಗಡಿಯಲ್ಲಿ ಭಾಷೆ ಉಳಿಸಲು ಹುಟ್ಟಿದ ಶಾಲೆಯ ಕ್ರಮವೇ, ವಿದ್ಯಾರ್ಥಿಗಳು ಹುಟ್ಟುಹಾಕಿದ ಉತ್ಸವದ ಊರಿಗೂ ಬಂತು.

ನಮ್ಮ ಮಕ್ಕಳಿಗೆ ಹಾಡಲು ವೇದಿಕೆ ಇಲ್ಲವೆಂದಲ್ಲ. ಶಾಲಾ ಕಲೋತ್ಸವದಲ್ಲಿ ಕನ್ನಡ ಸ್ಪರ್ಧೆಗಳಿವೆ. ಆದರೆ ಅಲ್ಲಿ ವೇದಿಕೆ ನಮ್ಮದು, ಮಕ್ಕಳದ್ದು ಹಾಡು ಮಾತ್ರ. ಮುಂದಿನ ಬಾರಿ ಹಳೆವಿದ್ಯಾರ್ಥಿಗಳು ರಶೀದಿ ಪುಸ್ತಕ ಹಿಡಿದು ಬಂದರೆ ನೂರು ರೂಪಾಯಿ ಕೊಟ್ಟು ಕಳುಹಿಸುವುದಷ್ಟೇ ಸಾಲದು. ಲೆಕ್ಕ ಬರೆಯಲು, ಗೇಟಿನ ಬಳಿ ನಿಲ್ಲಲು ನಾವೂ ಹೋಗೋಣ. ಉಳಿದ ಹಣದಲ್ಲಿ ಶಾಲೆಗೆ ಒಂದು ಹಾರ್ಮೋನಿಯಂ ಬಂದರೂ ಮುಂದಿನ ವರ್ಷ ಹಾಡುವವರು ತಾವಾಗಿ ಬರುತ್ತಾರೆ.