ನೆಲೆ ತಪ್ಪಿದವರ ಹಸಿ ಒಗ್ಗರಣೆ

ರಾಮನವಮಿಯ ದಿನ ಕೋಸಂಬರಿಗೆ ಉಪ್ಪು ಬೆರೆಸುವ ಅಧಿಕಾರ ನಮ್ಮ ಮನೆಯಲ್ಲಿ ಅಜ್ಜಿಯೊಬ್ಬರಿಗೇ ಇತ್ತು. ಹೆಸರುಬೇಳೆ ನೆನೆದು, ಸೌತೆಕಾಯಿ ಹೆಚ್ಚಿ, ಕೊತ್ತಂಬರಿ ಸೊಪ್ಪು ಸಣ್ಣಗೆ ಕತ್ತರಿಸಿ, ಎಲ್ಲವೂ ಸಿದ್ಧವಾದ ಮೇಲೆ, ಎಲೆ ಹಾಕುವ ಹೊತ್ತಿಗೆ ಅವರು ಬಂದು ಉಪ್ಪು ಹಾಕಿ ನಿಂಬೆಹಣ್ಣು ಹಿಂಡುತ್ತಿದ್ದರು. ಮೊದಲೇ ಹಾಕಿದರೆ ಸೌತೆ ನೀರು ಬಿಟ್ಟು ಕೋಸಂಬರಿ ಸಾರಾದೀತೆಂಬುದು ಅವರ ಶಾಸ್ತ್ರ. ಹಸಿಯ ಪದಾರ್ಥಕ್ಕೆ ರುಚಿ ಕೂಡಿಸುವುದು ಬೇಯಿಸುವುದಕ್ಕಿಂತ ಕಷ್ಟದ ಕೆಲಸ. ತಪ್ಪು ನಡೆದರೆ ಮುಚ್ಚಿಕೊಳ್ಳಲು ಅಲ್ಲಿ ಬೆಂಕಿಯ ನೆರವಿಲ್ಲ.

ಯೂರೋಪಿನವರ ‘ಸ್ಯಾಲಡ್’ ನಮ್ಮ ಕೋಸಂಬರಿಯ ದೂರದ ನಂಟ. ಹೆಸರು ಹುಟ್ಟಿದ್ದೇ ಉಪ್ಪಿನಿಂದ. ಲ್ಯಾಟಿನಿನಲ್ಲಿ ‘ಸಾಲ್’ ಎಂದರೆ ಉಪ್ಪು. ಸೊಪ್ಪಿನ ಮೇಲೆ ಹಾಕುವ ಎಣ್ಣೆ ಹುಳಿಗಳ ಮಿಶ್ರಣವನ್ನು ಇಂಗ್ಲಿಷರು ‘ಡ್ರೆಸಿಂಗ್’ ಎನ್ನುತ್ತಾರೆ. ಕನ್ನಡದಲ್ಲಿ ಏನೆನ್ನೋಣ? ಒಗ್ಗರಣೆಯೆನ್ನಲು ಒಲೆಯಿಲ್ಲ, ಗೊಜ್ಜೆನ್ನಲು ಅಷ್ಟು ಗಟ್ಟಿಯಲ್ಲ. ಸದ್ಯಕ್ಕೆ ‘ಹಸಿ ಒಗ್ಗರಣೆ’ ಎನ್ನೋಣ. ಇದನ್ನು ಇಂಗ್ಲಿಷರಿಗೆ ಕಲಿಸಹೊರಟವರಲ್ಲಿ ಇಬ್ಬರು ಸ್ವಂತ ದೇಶದಲ್ಲಿ ನಿಲ್ಲಲಾರದೆ ಬಂದವರೆಂಬುದು ಸ್ವಾರಸ್ಯದ ಸಂಗತಿ.

ಮೊದಲನೆಯವನು ಜಾಕೊಮೊ ಕಾಸ್ಟೆಲ್‌ವೆಟ್ರೊ. ಇಟಲಿಯ ಮೊಡೆನಾ ನಗರದಲ್ಲಿ ೧೫೪೬ರಲ್ಲಿ ಹುಟ್ಟಿದವನು. ಪ್ರಾಟೆಸ್ಟಂಟ್ ಮತಕ್ಕೆ ಒಲಿದುದರಿಂದ ಊರೂರು ಅಲೆಯಬೇಕಾಯಿತು. ೧೬೧೧ರಲ್ಲಿ ವೆನಿಸ್ಸಿನಲ್ಲಿ ಮತವಿಚಾರಣೆಯ ಅಧಿಕಾರಿಗಳು ಅವನನ್ನು ಸೆರೆಹಿಡಿದರು. ಇಂಗ್ಲೆಂಡಿನ ರಾಯಭಾರಿ ನಡುವೆ ಬಂದು ಬಿಡಿಸದಿದ್ದರೆ ಅವನ ಗತಿ ಏನಾಗುತ್ತಿತ್ತೋ! ಹೀಗೆ ಉಳಿದ ಪ್ರಾಣವನ್ನು ಹೊತ್ತು ಆ ಮುದುಕ ಇಂಗ್ಲೆಂಡನ್ನು ಸೇರಿದ. ಅಲ್ಲಿ ಅವನಿಗೆ ಕಂಡದ್ದು ಮಾಂಸ ಮತ್ತು ಸಿಹಿತಿಂಡಿಗಳ ರಾಶಿ. ತನ್ನ ನಾಡಿನ ತರಕಾರಿ, ಹಣ್ಣು, ಸೊಪ್ಪುಗಳ ನೆನಪು ಅವನನ್ನು ಕಾಡಿರಬೇಕು. ೧೬೧೪ರಲ್ಲಿ ಅವುಗಳ ಮೇಲೆ ಒಂದು ಪುಸ್ತಕವನ್ನೇ ಬರೆದು ಬೆಡ್‌ಫರ್ಡಿನ ಕೌಂಟೆಸ್ ಲೂಸಿ ಎಂಬಾಕೆಗೆ ಅರ್ಪಿಸಿದ.

ಅದರಲ್ಲಿ ಸ್ಯಾಲಡ್ಡಿನ ಮಾತು ಬಂದಾಗ ಈ ಸೌಮ್ಯ ವೃದ್ಧ ಕೆರಳುತ್ತಾನೆ. ಇಂಗ್ಲಿಷರು ಸೊಪ್ಪನ್ನು ಸರಿಯಾಗಿ ತೊಳೆಯುವುದಿಲ್ಲ; ರಾಕ್ಷಸನ ಕಾಲು ತೊಳೆಯುವಷ್ಟು ವಿನಿಗರನ್ನು ಮೊದಲೇ ಸುರಿಯುತ್ತಾರೆ; ಎಣ್ಣೆ ಉಪ್ಪುಗಳನ್ನು ಉಣ್ಣುವವನ ಪಾಡಿಗೆ ಬಿಡುತ್ತಾರೆ; ಅದು ಕೋಳಿಗೆ ಹಾಕಲು ಲಾಯಕ್ಕೆಂದು ಅವನ ತೀರ್ಪು. ಅವನ ನಿಯಮ ಇಷ್ಟೆ: ಸೊಪ್ಪನ್ನು ಹಲವು ನೀರಿನಲ್ಲಿ ತೊಳೆದು, ಬಟ್ಟೆಯಲ್ಲಿ ಒರಸಿ ಒಣಗಿಸಬೇಕು, ಉಪ್ಪು ಧಾರಾಳ, ಎಣ್ಣೆ ಉದಾರ, ವಿನಿಗರು ಕೊಂಚ, ಅದೂ ಕೊನೆಗೆ. ಇದು ಬರಿಯ ಹಟದ ಮಾತಲ್ಲ. ಒದ್ದೆ ಎಲೆಗೆ ಎಣ್ಣೆ ಅಂಟುವುದಿಲ್ಲ. ಹುಳಿಯಲ್ಲಿ ಮೊದಲೇ ತೊಯ್ದ ಎಲೆ ಎಣ್ಣೆಯನ್ನು ಸೇರಿಸಿಕೊಳ್ಳುವುದಿಲ್ಲ. ಪುದೀನ, ಕಾಮಕಸ್ತೂರಿ, ಟ್ಯಾರಗನ್, ಸೋಂಪಿನ ಗಿಡದ ಎಳೆ ಚಿಗುರು, ಲೆಟ್ಯೂಸಿನ ತಿರುಳು ಮುಂತಾದವನ್ನು ಕೂಡಿಸಿದ ಮಿಶ್ರಣವೇ ಅವನ ಪಾಲಿಗೆ ಎಲ್ಲಕ್ಕಿಂತ ಮಿಗಿಲು.

ಆದರೆ ಕೇಳಿದವರಾರು? ಅವನ ಕಾಲದಲ್ಲಿ ಆ ಪುಸ್ತಕ ಅಚ್ಚಾಗಲಿಲ್ಲ. ೧೬೧೬ರಲ್ಲಿ ಬಡತನದಲ್ಲೇ ಅವನು ತೀರಿಕೊಂಡ. ಗಿಲಿಯನ್ ರೈಲಿಯವರ ಇಂಗ್ಲಿಷ್ ಅನುವಾದ ಹೊರಬಂದದ್ದು ೧೯೮೯ರಲ್ಲಿ. ಬರೆದು ೩೭೫ ವರ್ಷಗಳ ಮೇಲೆ!

ಅಷ್ಟರಲ್ಲಿ ಅದೇ ಬುದ್ಧಿಯನ್ನು ಇಂಗ್ಲಿಷಿನವನೇ ಒಬ್ಬ ಹೇಳಿದ್ದ. ದಿನಚರಿಕಾರನೆಂದು ಹೆಸರಾದ ಜಾನ್ ಈವ್ಲಿನ್ ಅಂತರ್ಯುದ್ಧದ ದಿನಗಳಲ್ಲಿ, ೧೬೪೩ರಲ್ಲಿ, ದೇಶ ಬಿಟ್ಟು ಫ್ರಾನ್ಸ್ ಇಟಲಿಗಳನ್ನು ಸುತ್ತಿದವನು. ರಾಯಲ್ ಸೊಸೈಟಿಯ ಸ್ಥಾಪಕ ಸದಸ್ಯರಲ್ಲೊಬ್ಬ. ಎಂಬತ್ತರ ಸಮೀಪದಲ್ಲಿ, ೧೬೯೯ರಲ್ಲಿ, ‘ಅಸಿಟೇರಿಯ’ ಎಂಬ ಸ್ಯಾಲಡ್ಡಿನ ಗ್ರಂಥವನ್ನೇ ಪ್ರಕಟಿಸಿದ. ಅವನ ಹಸಿ ಒಗ್ಗರಣೆಯನ್ನು ಇಂದೂ ಮನೆಯಲ್ಲಿ ಮಾಡಬಹುದು: ಆಲಿವ್ ಎಣ್ಣೆ ೩ ಪಾಲು, ವಿನಿಗರು ಅಥವಾ ನಿಂಬೆರಸ ೧ ಪಾಲು, ಅದರಲ್ಲಿ ಖಾರದ ಬೇರೊಂದರ ಹೋಳು, ಉಪ್ಪು, ಆಮೇಲೆ ಅರೆದ ಸಾಸಿವೆ, ಬೇಯಿಸಿದ ೨ ಮೊಟ್ಟೆಗಳ ಹಳದಿ. ಎಣ್ಣೆಯೂ ಹುಳಿಯೂ ಹಾವು ಮುಂಗುಸಿಗಳಂತೆ ಬೇರೆಯಾಗಿ ನಿಲ್ಲತಕ್ಕವು; ಹಳದಿಯೂ ಸಾಸಿವೆಯೂ ಅವನ್ನು ಒಂದುಗೂಡಿಸುತ್ತವೆ. ಮೊಟ್ಟೆಯೆಂದರೆ ಮುಖ ತಿರುಗಿಸುವ ವಾಚಕರು ಸಾಸಿವೆಯೊಂದನ್ನೇ ನಂಬಬಹುದು. ಬೆಳ್ಳುಳ್ಳಿಗೆ ಮಾತ್ರ ಈವ್ಲಿನ್ ಪ್ರವೇಶವನ್ನೇ ಕೊಡಲಿಲ್ಲ. ಸಂಗೀತದ ಸ್ವರಗಳಂತೆ ಪ್ರತಿಯೊಂದು ಸೊಪ್ಪೂ ತನ್ನ ಪಾಲನ್ನು ಹೇಳಬೇಕು, ಯಾವುದೂ ಮತ್ತೊಂದನ್ನು ಮುಳುಗಿಸಬಾರದು ಎಂಬುದು ಅವನ ಮತ.

ಇನ್ನು ಎರಡನೆಯ ನಿರಾಶ್ರಿತ. ಫ್ರಾನ್ಸಿನ ಮಹಾಕ್ರಾಂತಿಯಲ್ಲಿ ಎಲ್ಲವನ್ನೂ ಕಳೆದುಕೊಂಡು ಲಂಡನ್ನಿಗೆ ಓಡಿಬಂದ ದಾಲ್ಬಿನ್ಯಾಕ್ ಎಂಬ ಕುಲೀನ. ಇವನ ಕಥೆಯನ್ನು ಬ್ರಿಯಾ-ಸವಾರಾಂ ೧೮೨೫ರಲ್ಲಿ ಪ್ರಕಟವಾದ ತನ್ನ ರುಚಿಶಾಸ್ತ್ರದ ಗ್ರಂಥದಲ್ಲಿ ಹೇಳಿದ್ದಾನೆ. ಆತನೂ ಅದೇ ಕ್ರಾಂತಿಗೆ ಹೆದರಿ ಅಮೆರಿಕದಲ್ಲಿ ಪಿಟೀಲು ಬಾರಿಸಿ ಹೊಟ್ಟೆ ಹೊರೆದವನು. ಒಂದು ದಿನ ಭೋಜನಶಾಲೆಯಲ್ಲಿ ಪಕ್ಕದ ಮೇಜಿನ ಶ್ರೀಮಂತ ತರುಣರು ದಾಲ್ಬಿನ್ಯಾಕನನ್ನು, ‘ನಿಮ್ಮವರು ಸ್ಯಾಲಡ್ ಮಾಡುವುದರಲ್ಲಿ ಗಟ್ಟಿಗರಂತೆ, ನಮಗೊಂದು ಮಾಡಿಕೊಡುವಿರಾ?’ ಎಂದು ವಿನಯದಿಂದ ಕೇಳಿದರು. ಕೊಂಚ ಹಿಂದೆಗೆದು ಅವನು ಒಪ್ಪಿದ. ಮಾಡುತ್ತ ಮಾಡುತ್ತ, ಸರ್ಕಾರದ ಸಹಾಯಧನದಲ್ಲಿ ಬದುಕುತ್ತಿರುವೆನೆಂದು ನಾಚುತ್ತ ಹೇಳಿದ. ಅವರು ೫ ಪೌಂಡಿನ ನೋಟನ್ನು ಅವನ ಕೈಗೆ ಸೇರಿಸಿದರು. ದೊಡ್ಡ ಮನೆಯ ಮಗನೊಬ್ಬ ಪರರ ಊಟದ ಮೇಜಿನಲ್ಲಿ ಕೂಲಿ ಹಿಡಿದ ಆ ಗಳಿಗೆಯನ್ನು ನಾವು ನಕ್ಕು ದಾಟಿಬಿಡಬಾರದು. ಒಂದು ಮನೆಯ ಕರೆ ಹತ್ತು ಮನೆಯ ಕರೆಯಾಯಿತು. ಗಾಡಿ ಬಂತು, ಸೇವಕ ಬಂದ. ಬಗೆಬಗೆಯ ಎಣ್ಣೆ, ವಿನಿಗರುಗಳನ್ನು ತುಂಬಿದ ಮಹಾಗನಿ ಪೆಟ್ಟಿಗೆ ಬಂತು. ಅಂಥ ಪೆಟ್ಟಿಗೆಗಳನ್ನು ಮಾಡಿಸಿ ನೂರಾರು ಮಾರಿದ. ಕೊನೆಗೆ ೮೦,೦೦೦ ಫ್ರಾಂಕುಗಳಿಗೂ ಮಿಗಿಲಾದ ಹಣದೊಡನೆ ತಾಯ್ನಾಡಿಗೆ ಮರಳಿದ.

ಒಬ್ಬನು ಬುದ್ಧಿ ಹೇಳಿದ, ಯಾರೂ ಕೇಳಲಿಲ್ಲ. ಮತ್ತೊಬ್ಬನು ಮಾಡಿ ಬಡಿಸಿದ, ಊರೇ ಕರೆಯಿತು. ನಮ್ಮ ಭಾಷೆಯಲ್ಲಿ ‘ಕೈಗುಣ’ ಎಂಬ ಒಳ್ಳೆಯ ಮಾತಿದೆ. ಮನೆ, ಹೊಲ, ಪದವಿಗಳನ್ನು ಕಿತ್ತುಕೊಳ್ಳಬಹುದು. ಕೈಗುಣವನ್ನು ಯಾವ ಗಡಿಯಲ್ಲೂ ತಡೆಯಲಾರರು. ಇಂದು ಅಂಗಡಿಯಲ್ಲಿ ಈ ಹಸಿ ಒಗ್ಗರಣೆ ಸೀಸೆಯಲ್ಲಿ ಸಿಗುತ್ತದೆ. ಆದರೆ ಆಗತಾನೆ ಕುಯ್ದ ಪುದೀನದ ಪರಿಮಳವೂ, ಉಪ್ಪು ಯಾವಾಗ ಹಾಕಬೇಕೆಂಬ ಅರಿವೂ ಅದರೊಳಗಿಲ್ಲ. ಅಜ್ಜಿ ತೀರಿಕೊಂಡ ಮೇಲೆ ನಮ್ಮ ಕೋಸಂಬರಿ ಎರಡು ವರ್ಷ ನೀರಾಗಿಯೇ ಇತ್ತು. ಶಾಸ್ತ್ರ ನಮಗೆ ಬಾಯಿಪಾಠವಾಗಿತ್ತು. ಅವರ ಪಕ್ಕದಲ್ಲಿ ನಿಂತು ಒಮ್ಮೆಯೂ ಬೆರೆಸಿರಲಿಲ್ಲ.