ಒಂಟಿಗರು ಯಾರನ್ನು ಹುಡುಕಿದರು?

ಇಂಗ್ಲೆಂಡಿನ ಎಕ್ಸೆಟರ್ ಕೆಥೆಡ್ರಲ್‌ನಲ್ಲಿ ಸುಮಾರು ಸಾವಿರ ವರ್ಷ ಹಳೆಯದೊಂದು ಹಸ್ತಪ್ರತಿ ಇದೆ. 1072ರಲ್ಲಿ ತೀರಿಕೊಂಡ ಬಿಷಪ್ ಲಿಯೋಫ್ರಿಕ್ ಅಲ್ಲಿಗೆ ಕೊಟ್ಟದ್ದು. ಅದರ ಮೇಲೆ ಚಾಕುವಿನ ಗೀರುಗಳಿವೆ, ಯಾರೋ ಪಾನಪಾತ್ರೆ ಇಟ್ಟು ಬಿದ್ದಂತಿರುವ ಕಲೆ ಇದೆ, ಕೊನೆಯ ಹಾಳೆಗಳು ಸುಟ್ಟು ತೂತಾಗಿವೆ. ಇಷ್ಟೆಲ್ಲ ಅನಾದರವನ್ನು ತಾಳಿಕೊಂಡು ಉಳಿದ ಆ ಪುಸ್ತಕದೊಳಗೆ ಇಂಗ್ಲಿಷ್ ಸಾಹಿತ್ಯದ ಅತಿ ಹಳೆಯ ಒಂಟಿಗರಲ್ಲೊಬ್ಬ ಇದ್ದಾನೆ. ಕವಿ ಯಾರೆಂದು ತಿಳಿಯದು. ಕವಿತೆಗೆ ‘ದಿ ವಾಂಡರರ್’ ಎಂಬ ಹೆಸರನ್ನೂ ನಂತರದವರೇ ಇಟ್ಟರು. ಒಡೆಯನನ್ನು ಕಳೆದುಕೊಂಡ ಯೋಧನೊಬ್ಬ ಹಿಮ ಸುರಿಯುವ ಕಡಲಲ್ಲಿ ಒಬ್ಬನೇ ಹುಟ್ಟು ಹಾಕುತ್ತಿದ್ದಾನೆ. ನಿದ್ದೆಯಲ್ಲಿ ಒಡೆಯನನ್ನು ಅಪ್ಪಿ, ಅವನ ಮಂಡಿಯ ಮೇಲೆ ಕೈಯನ್ನೂ ತಲೆಯನ್ನೂ ಇಡುತ್ತಾನೆ. ಎಚ್ಚರವಾದರೆ ಎದುರಿಗೆ ಕಡಲಹಕ್ಕಿಗಳು.

ಇಲ್ಲಿ ಗಮನಿಸಬೇಕಾದದ್ದು ಅವನ ದುಃಖವನ್ನಷ್ಟೇ ಅಲ್ಲ. ಅವನು ಹೆಂಡತಿಯನ್ನು ನೆನೆಯುವುದಿಲ್ಲ, ಮಕ್ಕಳನ್ನು ಕೇಳುವುದಿಲ್ಲ. ಅವನಿಗೆ ಬೇಕಾದದ್ದು ಒಬ್ಬ ಒಡೆಯ, ಆ ಒಡೆಯನ ಸಭಾಂಗಣ, ಅಲ್ಲಿನ ಪಂಕ್ತಿಯಲ್ಲಿ ತನಗೊಂದು ಜಾಗ.

ಬ್ರಿಟಿಷ್ ಇತಿಹಾಸಕಾರ್ತಿ ಫೇ ಬೌಂಡ್ ಆಲ್ಬರ್ಟಿ 2019ರಲ್ಲಿ ಪ್ರಕಟಿಸಿದ ‘ಎ ಬಯಾಗ್ರಫಿ ಆಫ್ ಲೋನ್ಲಿನೆಸ್’ನಲ್ಲಿ, ನಾವಿಂದು ತಿಳಿದಿರುವ ಒಂಟಿತನ 1800ರ ಆಸುಪಾಸಿನಲ್ಲಿ ರೂಪುಗೊಂಡ ಆಧುನಿಕ ಭಾವನೆ ಎಂದು ವಾದಿಸುತ್ತಾರೆ. ಎಕ್ಸೆಟರ್‌ನ ಯೋಧನನ್ನು ಓದಿದವರಿಗೆ ಆ ಮಾತನ್ನು ಪೂರ್ತಿ ಒಪ್ಪುವುದು ಕಷ್ಟ. ಸಂಕಟ ಹಳೆಯದೇ. ಆದರೆ ಒಂಟಿಯಾದವರು ಯಾರು ಬೇಕೆಂದು ಹಂಬಲಿಸಿದರು ಎಂಬುದು ಕಾಲದಿಂದ ಕಾಲಕ್ಕೆ ಬದಲಾಗುತ್ತ ಬಂದಿದೆ. ಇಂಗ್ಲಿಷ್ ಸಾಹಿತ್ಯದಲ್ಲಿ ಈ ವಿಷಯ ನಡೆದ ದಾರಿ ಕಾಣಬೇಕಾದರೆ ಆ ಬದಲಾವಣೆಯ ಜಾಡು ಹಿಡಿಯುವುದೇ ಮೇಲು.

ಮಧ್ಯಯುಗದ ಸಂತರಿಗೂ ವಿರಕ್ತರಿಗೂ ಜತೆಗೆ ದೇವರಿದ್ದ. 1624ರಲ್ಲಿ, ಸಾವಿನ ಬಾಗಿಲು ತಟ್ಟಿ ಬಂದ ಜಾನ್ ಡನ್ ತನ್ನ ಕಾಯಿಲೆಯ ದಿನಗಳ ಚಿಂತನೆಗಳನ್ನು ಪ್ರಕಟಿಸಿದಾಗ, ಯಾವ ಮನುಷ್ಯನೂ ದ್ವೀಪವಲ್ಲ ಎಂಬ ಅವನ ನಂಬಿಕೆಯ ಬೆನ್ನಿಗೂ ಚರ್ಚು ಇತ್ತು. 1852ರಲ್ಲಿ ಮ್ಯಾಥ್ಯೂ ಆರ್ನಲ್ಡ್ ಪ್ರಕಟಿಸಿದ ಕವಿತೆಯೊಂದು ಅದಕ್ಕೆ ತದ್ವಿರುದ್ಧ: ಅಲ್ಲಿ ಮನುಷ್ಯರೆಲ್ಲ ನಡುವೆ ಕಡಲು ಹರಿಯುವ ದ್ವೀಪಗಳು. ಈ ಎರಡರ ನಡುವಿನ ಅವಧಿಯಲ್ಲಿ ಇಂಗ್ಲಿಷ್ ಓದುಗರು ನಿಜವಾಗಿಯೂ ಒಂದು ದ್ವೀಪಕ್ಕೆ ಹೋಗಿ ಬಂದಿದ್ದರು.

ಸ್ಕಾಟ್ಲೆಂಡಿನ ನಾವಿಕ ಅಲೆಕ್ಸಾಂಡರ್ ಸೆಲ್ಕರ್ಕ್ 1704ರಲ್ಲಿ ತನ್ನ ಕ್ಯಾಪ್ಟನ್ ಜತೆ ಜಗಳವಾಡಿದ. ಹಡಗು ಪಯಣಕ್ಕೆ ಯೋಗ್ಯವಾಗಿಲ್ಲ, ಇದರಲ್ಲಿ ಬರುವುದಕ್ಕಿಂತ ಇಲ್ಲೇ ಇಳಿಯುತ್ತೇನೆ ಎಂದ. ಚಿಲಿ ದೇಶದಾಚೆಯ ಹ್ವಾನ್ ಫೆರ್ನಾಂಡೆಸ್ ದ್ವೀಪದಲ್ಲಿ ಅವನನ್ನು ಇಳಿಸಿಯೇ ಬಿಟ್ಟರು. ನಾಲ್ಕು ವರ್ಷ ನಾಲ್ಕು ತಿಂಗಳ ಮೇಲೆ, 1709ರಲ್ಲಿ ವುಡ್ಸ್ ರೋಜರ್ಸ್‌ನ ಹಡಗು ಅವನನ್ನು ಹತ್ತಿಸಿಕೊಂಡಾಗ, ಮಾತು ಮರೆತಂತಾಗಿ ಅವನ ಬಾಯಿಂದ ಅರ್ಧರ್ಧ ಪದಗಳು ಹೊರಡುತ್ತಿದ್ದವಂತೆ. ಬೆಕ್ಕುಗಳನ್ನೂ ಮೇಕೆಮರಿಗಳನ್ನೂ ಪಳಗಿಸಿ ಅವುಗಳೊಡನೆ ಕುಣಿಯುತ್ತಿದ್ದ ಎಂದು ರೋಜರ್ಸ್ ಬರೆದಿದ್ದಾನೆ.

ಡೇನಿಯಲ್ ಡಿಫೋ 1719ರಲ್ಲಿ ಬರೆದ ‘ರಾಬಿನ್ಸನ್ ಕ್ರೂಸೋ’ದ ನಾಯಕ ದ್ವೀಪದಲ್ಲಿ ಕಳೆಯುವುದು 28 ವರ್ಷ. ವ್ಯಾಪಾರಸ್ಥರ ಕಾಲದ ಈ ಮನುಷ್ಯ ತನ್ನ ಒಂಟಿತನವನ್ನೂ ಖಾತೆ ಪುಸ್ತಕದಂತೆ ಎರಡು ಕಾಲಂ ಹಾಕಿ, ಕೆಟ್ಟದ್ದೆಷ್ಟು ಒಳ್ಳೆಯದೆಷ್ಟು ಎಂದು ಜಮಾಖರ್ಚು ಬರೆಯುತ್ತಾನೆ. ಗಿಳಿಗೆ ಮಾತು ಕಲಿಸುತ್ತಾನೆ. ಒಂದು ದಿನ ಆಯಾಸದಿಂದ ಮಲಗಿದ್ದವನನ್ನು ಅದು ಅವನದೇ ಹೆಸರು ಹಿಡಿದು, ಅಯ್ಯೋ ಪಾಪ ಎನ್ನುವ ದನಿಯಲ್ಲಿ ಕರೆದು ಎಬ್ಬಿಸುತ್ತದೆ. ಕೇಳುವ ಮಾತೂ ತಾನೇ ಕಲಿಸಿದ್ದು ಎಂಬಂಥ ಸ್ಥಿತಿ. ತೀರದಾಚೆ ಸ್ಪೇನಿನ ಹಡಗು ಒಡೆದಾಗ, ಒಂದೇ ಒಂದು ಜೀವ ಉಳಿದು ಬಂದಿದ್ದರೆ ಸಾಕಿತ್ತು ಎಂದು ಹಲುಬುತ್ತಾನೆ.

ಕೊನೆಗೊಂದು ಜೀವ ಬರುತ್ತದೆ. ಕ್ರೂಸೋ ಆ ಯುವಕನ ಹೆಸರೇನೆಂದು ಕೇಳುವುದೇ ಇಲ್ಲ. ಸಿಕ್ಕ ವಾರವನ್ನು ನೋಡಿ ‘ಫ್ರೈಡೇ’ ಎಂದು ತಾನೇ ನಾಮಕರಣ ಮಾಡುತ್ತಾನೆ. ತನ್ನನ್ನು ‘ಮಾಸ್ಟರ್’ ಎಂದು ಕರೆಯಲು ಕಲಿಸುತ್ತಾನೆ. ಇಪ್ಪತ್ತೈದು ವರ್ಷ ಮನುಷ್ಯನ ದನಿಗಾಗಿ ಹಂಬಲಿಸಿದವನು ಮನುಷ್ಯ ಸಿಕ್ಕ ಕೂಡಲೇ ಅವನನ್ನು ಆಳಾಗಿಸಿಕೊಳ್ಳುತ್ತಾನೆ. ಎಕ್ಸೆಟರ್‌ನ ಯೋಧ ಒಡೆಯನನ್ನು ಹುಡುಕಿದ್ದ. ಕ್ರೂಸೋ ತಾನೇ ಒಡೆಯನಾದ. ವಸಾಹತುಗಳನ್ನು ಕಟ್ಟಲು ಹೊರಟ ದೇಶಕ್ಕೆ ಈ ಕತೆ ಅಷ್ಟೊಂದು ಹಿಡಿಸಿದ್ದರಲ್ಲಿ ಆಶ್ಚರ್ಯವಿಲ್ಲ. ದಕ್ಷಿಣ ಆಫ್ರಿಕಾದ ಜೆ. ಎಂ. ಕೂಟ್ಸಿಯ 1986ರ ‘ಫೋ’ ಕಾದಂಬರಿಯಲ್ಲಿ ಫ್ರೈಡೇಗೆ ನಾಲಗೆಯೇ ಇಲ್ಲ. ಡಿಫೋಗೆ ಅದಕ್ಕಿಂತ ಚುರುಕಾದ ಉತ್ತರ ಬಂದಂತಿಲ್ಲ.

ರೊಮ್ಯಾಂಟಿಕ್ ಕವಿಗಳು ಬರುವ ಹೊತ್ತಿಗೆ ಒಬ್ಬನೇ ಇರುವುದಕ್ಕೆ ಒಂದು ಘನತೆ ಬಂತು. ಅದರಲ್ಲಿ ಕೊಂಚ ನಟನೆಯೂ ಇತ್ತೆನ್ನಿ. ವರ್ಡ್ಸ್‌ವರ್ತ್ ಡ್ಯಾಫೊಡಿಲ್ ಹೂಗಳನ್ನು ಕಂಡದ್ದು ಒಂಟಿಯಾಗಿ ಅಲೆಯುವಾಗ ಎಂದು ಶಾಲೆಯ ಪಠ್ಯದಲ್ಲಿ ಓದಿದವರು ಅವನ ತಂಗಿ ಡೊರಥಿಯ ದಿನಚರಿಯನ್ನು ನೋಡಬೇಕು. 1802ರ ಏಪ್ರಿಲ್ 15ರಂದು ಅಲ್ಸ್‌ವಾಟರ್ ಸರೋವರದ ದಂಡೆಯಲ್ಲಿ ಅಣ್ಣನ ಪಕ್ಕದಲ್ಲೇ ಅವಳೂ ನಡೆಯುತ್ತಿದ್ದಳು. ಹೂಗಳ ವರ್ಣನೆಯನ್ನು ಮೊದಲು ಬರೆದಿಟ್ಟವಳೂ ಅವಳೇ. ಕವಿತೆಯೊಳಗೆ ಅವಳಿಗೆ ಜಾಗ ಸಿಗಲಿಲ್ಲ.

ಈ ಘನತೆಯ ಮುಖವಾಡವನ್ನು ಕಿತ್ತೆಸೆದವಳು ಹತ್ತೊಂಬತ್ತು ತುಂಬುವ ಮೊದಲೇ ‘ಫ್ರಾಂಕೆನ್‌ಸ್ಟೈನ್’ ಬರೆಯಲು ಕುಳಿತ ಮೇರಿ ಶೆಲ್ಲಿ. 1818ರಲ್ಲಿ ಹೊರಬಂದ ಈ ಕಾದಂಬರಿಯನ್ನು ಸಿನಿಮಾಗಳು ಭಯಾನಕ ಕತೆಯಾಗಿಸಿದವು. ಓದಿದರೆ ಮೊದಲ ಪತ್ರಗಳಲ್ಲೇ ವಿಷಯ ಬೇರೆ ಎಂದು ಗೊತ್ತಾಗುತ್ತದೆ. ಉತ್ತರ ಧ್ರುವದತ್ತ ಹೊರಟ ವಾಲ್ಟನ್ ಹಡಗಿನ ತುಂಬ ಜನರನ್ನಿಟ್ಟುಕೊಂಡೂ ತನಗೊಬ್ಬ ಗೆಳೆಯನಿಲ್ಲ ಎಂದು ಅಕ್ಕನಿಗೆ ಬರೆಯುತ್ತಾನೆ. ಒಳಗಿನ ಕತೆಯಲ್ಲಿ, ವಿಜ್ಞಾನಿ ವಿಕ್ಟರ್ ಸೃಷ್ಟಿಸಿ ತೊರೆದ ಜೀವಿ ಒಂದು ಮನೆಗೆ ಅಂಟಿದ ಕೊಟ್ಟಿಗೆಯಲ್ಲಿ ಅಡಗಿ, ಗೋಡೆಯ ಸಂದಿಯಿಂದ ಒಂದು ಸಂಸಾರವನ್ನು ನೋಡುತ್ತಲೇ ಭಾಷೆ ಕಲಿಯುತ್ತದೆ. ರಾತ್ರಿ ಹೊತ್ತು ಅವರಿಗೆ ಕಟ್ಟಿಗೆ ತಂದು ಹಾಕುತ್ತದೆ. ಧೈರ್ಯ ಮಾಡಿ ಒಂದು ದಿನ, ಉಳಿದವರು ಹೊರಹೋದಾಗ ಕುರುಡ ಮುದುಕನ ಮುಂದೆ ಕೂರುತ್ತದೆ. ಕಣ್ಣು ಕಾಣದ ಆತನೊಬ್ಬನೇ ಅದರೊಡನೆ ಮನುಷ್ಯರೊಡನೆ ಆಡುವಂತೆ ಮಾತಾಡುತ್ತಾನೆ, ಅದೂ ಕೆಲವೇ ನಿಮಿಷ. ಮಗ ಬಂದು ಬಡಿಗೆಯಿಂದ ಹೊಡೆದು ಓಡಿಸುತ್ತಾನೆ.

ಆಮೇಲೆ ಅದು ಇಡುವ ಬೇಡಿಕೆ ಬೇರೆ ಬಗೆಯದು. ಒಡೆಯ ಬೇಡ, ಆಳು ಬೇಡ. ನನ್ನಂಥದೇ ಕುರೂಪದ, ನನ್ನನ್ನು ಕಂಡು ಓಡದ ಒಬ್ಬ ಸಂಗಾತಿಯನ್ನು ಮಾಡಿಕೊಡು ಎನ್ನುತ್ತದೆ. ವಿಕ್ಟರ್ ಒಪ್ಪಿ, ಆರ್ಕ್ನಿ ದ್ವೀಪವೊಂದರಲ್ಲಿ ಕೆಲಸ ಶುರುಮಾಡಿ, ಅರ್ಧಕ್ಕೆ ಅದನ್ನು ಹರಿದು ಹಾಕುತ್ತಾನೆ. ಕೊಲೆಗಳ ಸರಣಿ ಅಲ್ಲಿಂದ ಮುಂದೆ ತಡೆಯಿಲ್ಲದೆ ಸಾಗುತ್ತದೆ. ಹುಟ್ಟಿದ ಕೆಲವೇ ದಿನಕ್ಕೆ ತಾಯಿಯನ್ನು ಕಳೆದುಕೊಂಡಿದ್ದ ಮೇರಿಗೆ 1822ರಲ್ಲಿ ಗಂಡನೂ ಕಡಲಪಾಲಾದ. 1826ರ ‘ದಿ ಲಾಸ್ಟ್ ಮ್ಯಾನ್’ನಲ್ಲಿ ಅವಳು ಭೂಮಿಯ ಮೇಲೆ ಉಳಿದ ಕೊನೆಯ ಮನುಷ್ಯನ ಜತೆಗೆ ಒಂದು ನಾಯಿಯನ್ನು ಮಾತ್ರ ಕೊಟ್ಟಳು. ವಿಕ್ಟರ್ ಮುರಿದ ಮಾತನ್ನು ಕಾರ್ಖಾನೆ ನಡೆಸಿಕೊಟ್ಟರೆ ಏನಾದೀತು ಎಂಬುದನ್ನು ಕಾಣಲು ಕಜುವೊ ಇಶಿಗುರೊನ 2021ರ ‘ಕ್ಲಾರಾ ಆ್ಯಂಡ್ ದ ಸನ್’ ಓದಬಹುದು. ಅಲ್ಲಿ ಒಂಟಿ ಮಕ್ಕಳಿಗೆ ಕೃತಕ ಗೆಳತಿಯರು ಅಂಗಡಿಯಲ್ಲೇ ಸಿಗುತ್ತಾರೆ.

ವಿಕ್ಟೋರಿಯಾ ರಾಣಿಯ ಕಾಲಕ್ಕೆ ದ್ವೀಪ ಬೇಕಾಗಲಿಲ್ಲ, ಲಂಡನ್ ಸಾಕಾಯಿತು. ತಾಮಸ್ ಹುಡ್ 1844ರಲ್ಲಿ ಬರೆದ ‘ದಿ ಬ್ರಿಜ್ ಆಫ್ ಸೈಸ್’ ಕವಿತೆಯಲ್ಲಿ ಹೊಳೆಗೆ ಹಾರಿ ಸತ್ತ ಯುವತಿಗೆ ತಂದೆ, ತಾಯಿ, ಒಡಹುಟ್ಟು ಯಾರಿದ್ದರು ಎಂದು ಕವಿ ಕೇಳುತ್ತಾನೆ. ಊರು ತುಂಬ ಮನೆ, ಅವಳಿಗೊಂದೂ ಇಲ್ಲ. ಬಿ. ಎಂ. ಶ್ರೀಕಂಠಯ್ಯನವರು ಇದನ್ನು ‘ದುಃಖಸೇತು’ವಾಗಿ ಕನ್ನಡಕ್ಕೆ ತಂದರು. ಅವರ ‘ಇಂಗ್ಲಿಷ್ ಗೀತಗಳು’ ಸಂಕಲನದ ಮೂಲಕ ಹೊಸಗನ್ನಡ ಕಾವ್ಯಕ್ಕೆ ಬಂದ ದನಿಗಳಲ್ಲಿ ಮಹಾನಗರದ ಈ ಅನಾಥ ದನಿಯೂ ಒಂದು.

ಷಾರ್ಲಟ್ ಬ್ರಾಂಟಿ ಬ್ರಸೆಲ್ಸ್‌ನ ಶಾಲೆಯಲ್ಲಿದ್ದಾಗ, 1843ರ ರಜೆಯಲ್ಲಿ ಒಬ್ಬಳೇ ಉಳಿದು ತಡೆಯಲಾಗದೆ, ಅಪ್ಪಟ ಪ್ರಾಟೆಸ್ಟಂಟ್ ಪಾದ್ರಿಯ ಮಗಳಾದರೂ ಕ್ಯಾಥೊಲಿಕ್ ಚರ್ಚಿಗೆ ಹೋಗಿ ಪಾಪನಿವೇದನೆ ಮಾಡಿಕೊಂಡಳು. ಅಪ್ಪನಿಗೆ ಹೇಳಬೇಡ ಎಂದು ತಂಗಿ ಎಮಿಲಿಗೆ ಬರೆದಳು. ಹತ್ತು ವರ್ಷದ ಮೇಲೆ ಅದೇ ಘಟನೆ ‘ವಿಲೆಟ್’ ಕಾದಂಬರಿಯಲ್ಲಿ ಲೂಸಿ ಸ್ನೋಳದಾಯಿತು. ಅವಳಿಗೆ ಬೇಕಾದದ್ದು ಧರ್ಮವಲ್ಲ, ಜಾಲರಿಯ ಆಚೆಗೆ ಕೇಳಿಸಿಕೊಳ್ಳುವ ಒಂದು ಕಿವಿ. ಆ ಹೊತ್ತಿಗೆ ಷಾರ್ಲಟ್‌ಳ ತಮ್ಮನೂ ಇಬ್ಬರು ತಂಗಿಯರೂ ತೀರಿಹೋಗಿದ್ದರು. ಮೂವರು ಅಕ್ಕತಂಗಿಯರು ರಾತ್ರಿ ಊಟದ ಮನೆಯಲ್ಲಿ ಸುತ್ತುತ್ತ ಕತೆ ಹೆಣೆಯುತ್ತಿದ್ದರು. ನಂತರ ಅವಳೊಬ್ಬಳೇ ಹಾಗೆ ಸುತ್ತುತ್ತಿದ್ದುದನ್ನು ಎಲಿಜಬೆತ್ ಗ್ಯಾಸ್ಕೆಲ್ 1857ರ ಜೀವನಚರಿತ್ರೆಯಲ್ಲಿ ದಾಖಲಿಸಿದ್ದಾಳೆ.

ಡಿಕನ್ಸ್‌ನ ಜಿಪುಣ ಸ್ಕ್ರೂಜ್‌ನ ಬಾಲ್ಯವನ್ನು ಹಲವರು ಮರೆಯುತ್ತಾರೆ. ಕ್ರಿಸ್ಮಸ್ ರಜೆಯಲ್ಲೂ ಮನೆಗೆ ಕರೆಸಿಕೊಳ್ಳದ ಆ ಹುಡುಗನಿಗೆ ಖಾಲಿ ಶಾಲೆಯಲ್ಲಿ ಜತೆಯಾಗುವವರು ಆಲಿಬಾಬಾ ಮತ್ತು ಕ್ರೂಸೋನ ಗಿಳಿ. ಪುಸ್ತಕಗಳೇ ಒಡನಾಡಿಗಳಾದ ಮಕ್ಕಳ ಪರಂಪರೆಯೇ ಡಿಕನ್ಸ್‌ನಲ್ಲಿದೆ.

ಆದರೆ ಆ ಶತಮಾನದ ಅತ್ಯಂತ ಪಕ್ವವಾದ ಉತ್ತರ ಜಾರ್ಜ್ ಎಲಿಯಟ್‌ಳದು. 1861ರ ‘ಸೈಲಸ್ ಮಾರ್ನರ್’ನ ನೇಕಾರ ಆಪ್ತ ಗೆಳೆಯನ ದ್ರೋಹದಿಂದ ಕಳ್ಳನೆನಿಸಿಕೊಂಡು ಊರು ಬಿಟ್ಟವನು. ರ್‍ಯಾವ್ಲೊ ಎಂಬ ಹಳ್ಳಿಯಲ್ಲಿ ಹದಿನೈದು ವರ್ಷ ಮಗ್ಗದ ಮುಂದೆ ಕೂತು, ರಾತ್ರಿ ಬಾಗಿಲು ಹಾಕಿ ಚಿನ್ನದ ನಾಣ್ಯ ಎಣಿಸುತ್ತಾನೆ. ಹನ್ನೆರಡು ವರ್ಷ ನೀರು ಹೊತ್ತು ತಂದ ಮಣ್ಣಿನ ಮಡಕೆ ಒಡೆದಾಗ, ಚೂರುಗಳನ್ನು ಜೋಡಿಸಿ ಅದರ ಹಳೆಯ ಜಾಗದಲ್ಲೇ ನಿಲ್ಲಿಸುತ್ತಾನೆ. ಪ್ರೀತಿ ಬತ್ತಿಲ್ಲ, ಹರಿಯಲು ಕಾಲುವೆ ಇಲ್ಲ ಎಂಬುದನ್ನು ಎಲಿಯಟ್ ಇಷ್ಟರಲ್ಲೇ ಹೇಳಿಬಿಡುತ್ತಾಳೆ. ನಾಣ್ಯ ಕಳುವಾಗುತ್ತದೆ. ತೆರೆದ ಬಾಗಿಲಿಂದ ಒಳಬಂದ ಅನಾಥ ಮಗುವಿನ ಹೊಂಬಣ್ಣದ ಕೂದಲನ್ನು ಮಂದದೃಷ್ಟಿಯ ಅವನು ತನ್ನ ಚಿನ್ನವೇ ಎಂದುಕೊಂಡು ಮುಟ್ಟುತ್ತಾನೆ. ಮಗು ಅವನನ್ನು ಒಂದೇಟಿಗೆ ಉದ್ಧಾರ ಮಾಡುವುದಿಲ್ಲ. ಅದಕ್ಕೆ ಸ್ನಾನ ಮಾಡಿಸುವುದು ಹೇಗೆ, ಬಟ್ಟೆ ತೊಡಿಸುವುದು ಹೇಗೆ ಎಂದು ತಿಳಿಯದೆ ನೆರೆಯ ಡಾಲಿ ವಿಂತ್ರಪ್‌ಳನ್ನು ಕೇಳಬೇಕಾಗುತ್ತದೆ. ಹೀಗೆ ಕೇಳಿ ಕೇಳಿಯೇ ಅವನು ಊರಿನವನಾಗುತ್ತಾನೆ.

ಶತಮಾನದ ಕೊನೆಗೆ ಬೇಡಿಕೆ ಇನ್ನೂ ಸರಳವಾಯಿತು. 1887ರಲ್ಲಿ ಪ್ರಕಟವಾದ ಮೊದಲ ಷರ್ಲಾಕ್ ಹೋಮ್ಸ್ ಕತೆಯಲ್ಲಿ ಆಫ್ಘನ್ ಯುದ್ಧದಲ್ಲಿ ಗಾಯಗೊಂಡು ಬಂದ ಡಾಕ್ಟರ್ ವಾಟ್ಸನ್‌ಗೆ ಇಂಗ್ಲೆಂಡಿನಲ್ಲಿ ನೆಂಟರಿಷ್ಟರಿಲ್ಲ, ಕೈಯಲ್ಲಿ ಹಣವೂ ಕರಗುತ್ತಿದೆ. ಜಗತ್ಪ್ರಸಿದ್ಧವಾದ ಆ ಸ್ನೇಹ ಹುಟ್ಟಿದ್ದು ಮನೆ ಬಾಡಿಗೆ ಹಂಚಿಕೊಳ್ಳುವ ನೆಪದಿಂದ.

ಇಪ್ಪತ್ತನೆಯ ಶತಮಾನದ ಬರಹಗಾರರಿಗೆ ಇಷ್ಟು ಭರವಸೆ ಉಳಿದಿರಲಿಲ್ಲ. ವರ್ಜೀನಿಯಾ ವುಲ್ಫ್‌ಳ 1925ರ ‘ಮಿಸೆಸ್ ಡಾಲೊವೆ’ಯಲ್ಲಿ ಒಬ್ಬರನ್ನೊಬ್ಬರು ಅರ್ಥ ಮಾಡಿಕೊಳ್ಳಬಲ್ಲ ಕ್ಲಾರಿಸಾ ಮತ್ತು ಸೆಪ್ಟಿಮಸ್ ಒಂದೇ ದಿನ, ಒಂದೇ ನಗರದಲ್ಲಿದ್ದೂ ಭೇಟಿಯಾಗುವುದಿಲ್ಲ. ಹೆಣ್ಣನ್ನು ಪ್ರೀತಿಸುವ ಹೆಣ್ಣಿನ ಒಂಟಿತನವನ್ನು ಬರೆದ ರ್‍ಯಾಡ್‌ಕ್ಲಿಫ್ ಹಾಲ್‌ಳ ‘ದಿ ವೆಲ್ ಆಫ್ ಲೋನ್ಲಿನೆಸ್’ ಪ್ರತಿಗಳನ್ನು ನಾಶಮಾಡಲು 1928ರಲ್ಲಿ ಲಂಡನ್ನಿನ ನ್ಯಾಯಾಲಯ ಆದೇಶಿಸಿತು. ಕೆಲವು ಒಂಟಿತನಗಳ ಕಾವಲಿಗೆ ಕಾನೂನೇ ನಿಂತಿತ್ತು.

2018ರಲ್ಲಿ ಬ್ರಿಟನ್ ಸರ್ಕಾರ ಒಂಟಿತನದ ಹೊಣೆಯನ್ನು ಒಬ್ಬ ಸಚಿವೆಗೆ ವಹಿಸಿತು. ಅಂಥ ಸದುದ್ದೇಶದ ನೆರವಿಗೆ ಸಿಗಬಹುದಾದ ಸ್ವಾಗತವನ್ನು ಬಾರ್ಬರಾ ಪಿಮ್ 41 ವರ್ಷ ಮೊದಲೇ ಬರೆದಿಟ್ಟಿದ್ದಳು. 1977ರ ‘ಕ್ವಾರ್ಟೆಟ್ ಇನ್ ಆಟಮ್’ನಲ್ಲಿ ನಿವೃತ್ತಿಯ ಅಂಚಿಗೆ ಬಂದ ನಾಲ್ವರು ಗುಮಾಸ್ತರಿದ್ದಾರೆ. ಅವರಲ್ಲಿ ಮಾರ್ಷಿಯಾ ಮನೆ ತುಂಬ ಡಬ್ಬಿ ಆಹಾರ, ಖಾಲಿ ಹಾಲಿನ ಬಾಟಲಿ ಕೂಡಿಡುತ್ತಾಳೆ, ತಿನ್ನುವುದು ಮಾತ್ರ ಅಷ್ಟಕ್ಕಷ್ಟೆ. ವಿಚಾರಿಸಿಕೊಳ್ಳಲು ಬರುವ ಸಮಾಜಸೇವಕಿಯನ್ನು ಕಂಡರಾಗದು. ಅವಳ ಮನಸ್ಸು ನೆಟ್ಟಿರುವುದು ತನಗೆ ಆಪರೇಷನ್ ಮಾಡಿದ ಸರ್ಜನ್ ಮೇಲೆ. ಅವಳು ಸತ್ತ ಮೇಲೆ ಉಯಿಲು ಓದಿದರೆ, ಮನೆಯನ್ನು ಸಹೋದ್ಯೋಗಿ ನಾರ್ಮನ್‌ಗೆ ಬರೆದಿದ್ದಾಳೆ. ಇಬ್ಬರ ನಡುವೆ ಇದ್ದ ನಂಟಾದರೂ ಏನು? ಉಳಿತಾಯವಾಗಲೆಂದು ಆಫೀಸಿನಲ್ಲಿ ದೊಡ್ಡದೊಂದು ಕಾಫಿಪುಡಿ ಡಬ್ಬಿಯನ್ನು ಹಂಚಿಕೊಂಡದ್ದು.